ಅತ್ತಿಗೆಯ ಒತ್ತಡ, ನಾದಿನಿಯ ಸಹನೆ

ಆ ಲಾಂಡ್ರಿಯಲ್ಲಿ ಅವಳನ್ನು ಎಲ್ಲರೂ ಅತ್ತಿಗೆ ಎಂದೇ ಕರೆಯುತ್ತಿದ್ದರು. ಬಾಯ್ಲರ್ ನೋಡಿಕೊಳ್ಳುವವನಿಗೂ ಅತ್ತಿಗೆ, ಟ್ರಕ್ಕಿನ ಡ್ರೈವರನಿಗೂ ಅತ್ತಿಗೆ, ವಯಸ್ಸಿನಲ್ಲಿ ಅವಳಿಗಿಂತ ಎಷ್ಟೋ ದೊಡ್ಡವನಾದ ಮೇಸ್ತ್ರಿಗೂ ಅತ್ತಿಗೆ. ಪ್ರೀತಿಯಿಂದ ಬಂದ ಹೆಸರಲ್ಲ ಅದು. ಮಡಿಕೆ ಮೇಜಿನ ಇನ್ನೊಂದು ತುದಿಯಲ್ಲಿ ನಿಂತು ಅವಳ ಗಂಡನ ತಂಗಿ ದಿನವಿಡೀ "ಅತ್ತಿಗೇ, ಕಣ್ಣು ಕಾಣ್ಸುತ್ತಾ ನಿಂಗೆ? ಅತ್ತಿಗೇ, ಅದು ಮೂಲೆನಾ ನಿನ್ನ ಮೂತಿನಾ?" ಎಂದು ಅರಚುವುದನ್ನು ಕೇಳಿ ಕೇಳಿ ಇಡೀ ಕಟ್ಟಡಕ್ಕೆ ಬಾಯಿಪಾಠವಾಗಿಬಿಟ್ಟಿತ್ತು. ಅದೇ ನ್ಯಾಯದಿಂದ ಆ ಇನ್ನೊಬ್ಬಳು ಎಲ್ಲರಿಗೂ ನಾದಿನಿ. "ಅತ್ತಿಗೆ ಅಂದ್ರೆ ಅತ್ತವಳಲ್ಲ, ಅಳಿಸಿದವಳು. ನಾದಿನಿ ಹೆಸರಲ್ಲೇ ನಾದ ಇದೆ, ನಿಲ್ಲೋ ಮಾತೇ ಇಲ್ಲ" ಎಂದು ಮೇಸ್ತ್ರಿ ಹೊಸಬರಿಗೆ ಪರಿಚಯ ಮಾಡಿಕೊಡುತ್ತಿದ್ದ.

ಲಾಂಡ್ರಿ ಎಂದರೆ ಬೀದಿ ತುದಿಯ ಇಸ್ತ್ರಿ ಅಂಗಡಿಯಲ್ಲ. ಊರಿನ ಆಸ್ಪತ್ರೆಗಳ, ಹೋಟೆಲುಗಳ ಹಾಸು ಹೊದಿಕೆಯೆಲ್ಲ ಬಂದು ಬೀಳುವ ಕಾರ್ಖಾನೆ. ಮೂಟೆಗಳು ಮೊದಲು ನೆಲಮಾಳಿಗೆಗೆ ಇಳಿದು, ವಿಂಗಡಣೆಯಾಗಿ, ಮೇಲೆ ಬಂದು, ತೊಳೆಸಿಕೊಂಡು, ಹಿಂಡಿಸಿಕೊಂಡು, ಬಿಸಿ ರೋಲರುಗಳ ನಡುವೆ ನುಸುಳಿ, ಹೊಸ ಕಾಗದದಂತೆ ಗರಿಗರಿಯಾಗಿ ಮಡಿಕೆ ಮೇಜಿಗೆ ತಲುಪುತ್ತಿದ್ದವು. ಜೋಡಿ ಮಂಚದ ಬೆಡ್‌ಶೀಟು ಒಬ್ಬರ ಕೈಗೆ ಬಗ್ಗುವುದಿಲ್ಲ. ಇಬ್ಬರು ಎದುರುಬದುರು ನಿಂತು ತುದಿ ಹಿಡಿದು ಜಗ್ಗಬೇಕು, ಝಾಡಿಸಬೇಕು, ಹತ್ತಿರ ಬಂದು ಮೂಲೆಗೆ ಮೂಲೆ ಕೂಡಿಸಬೇಕು, ಮತ್ತೆ ಹಿಂದೆ ಸರಿದು ಜಗ್ಗಬೇಕು. ಕಸುಬೆಲ್ಲ ಇರುವುದು ಜಗ್ಗುವುದರಲ್ಲಿ. ಒಬ್ಬರು ಸಡಿಲ ಬಿಟ್ಟರೂ ಸುಕ್ಕು. ಈ ಇಬ್ಬರು ಮಡಚಿದ ಬೆಡ್‌ಶೀಟಿನಲ್ಲಿ ಸುಕ್ಕೆಂಬುದೇ ಇರುತ್ತಿರಲಿಲ್ಲ. ಯಾಕೆಂದರೆ ಪ್ರತಿ ಸಲವೂ ಒಬ್ಬಳು ಇನ್ನೊಬ್ಬಳನ್ನು ಮುಗ್ಗರಿಸಿ ಬೀಳಿಸುವ ಉದ್ದೇಶದಿಂದಲೇ ಜಗ್ಗುತ್ತಿದ್ದಳು.

ಹಗೆತನಕ್ಕೆ ಕಾರಣ ಒಂದೇ ಎಂದರೆ ಸುಳ್ಳಾದೀತು. ಗಂಡನ ಮನೆ ಒಗ್ಗದೆ ಪೆಟ್ಟಿಗೆ ಸಮೇತ ಬಂದಿಳಿದ ನಾದಿನಿ, ಎರಡೇ ಕೋಣೆಯ ಆ ಮನೆಯಲ್ಲಿ ಕಿಟಕಿಯಿದ್ದ ಕೋಣೆಯನ್ನೇ ಹಿಡಿದುಕೊಂಡಳು. "ಇದು ನಾನು ಹುಟ್ಟಿದ ಮನೆ, ನೀನು ಆಮೇಲೆ ಬಂದವಳು" ಅಂದಳು. "ಹುಟ್ಟಿದ ಮನೇಲೇ ಬಿದ್ದಿರೋಕೆ ಮದುವೆ ಯಾಕೆ ಬೇಕಿತ್ತೇ ನಿಂಗೆ?" ಅಂದಳು ಅತ್ತಿಗೆ. ಅಲ್ಲಿಂದಾಚೆಗೆ ಸ್ನಾನದ ಬಿಸಿನೀರು, ಬಟ್ಟೆ ಒಣಹಾಕುವ ತಂತಿ, ಅಲಾರಾಂ ಗಡಿಯಾರ, ಯಾವುದೂ ರಣರಂಗವಾಗದೆ ಉಳಿಯಲಿಲ್ಲ. ಬಸ್ಸು ರಿಪೇರಿಯ ಮೆಕ್ಯಾನಿಕ್ಕಾಗಿದ್ದ ಗಂಡ, ಎಂಜಿನ್ನಿನ ಸದ್ದಿಗೆ ತನ್ನ ಕಿವಿ ಮಂದವಾಗಿದೆ ಎಂದು ಸಾರಿಬಿಟ್ಟಿದ್ದ. ಅದು ಜಾಣಕಿವುಡು ಎಂಬ ಒಂದು ವಿಷಯದಲ್ಲಿ ಮಾತ್ರ ಇಬ್ಬರು ಹೆಂಗಸರಿಗೂ ಭಿನ್ನಾಭಿಪ್ರಾಯವಿರಲಿಲ್ಲ.

ಇದೆಲ್ಲಕ್ಕೂ ಮಿಗಿಲಾದ ಒಂದು ಉರಿ ಅತ್ತಿಗೆಯ ಹೊಟ್ಟೆಯಲ್ಲಿತ್ತು. ಅವಳು ಕೆಲಸಕ್ಕೆ ಸೇರಿದ್ದು ನೆಲಮಾಳಿಗೆಯ ಕೊಳೆಕೋಣೆಗೆ. ಆಸ್ಪತ್ರೆಯ ಮೂಟೆ ಬಿಚ್ಚಿ, ರಕ್ತದ್ದು ಬೇರೆ, ವಾಂತಿಯದ್ದು ಬೇರೆ, ಹೆಸರಿಡಲಾಗದ್ದು ಬೇರೆ ಎಂದು ಕೈಯಿಂದ ಬೇರ್ಪಡಿಸುವ ಕೆಲಸ. ಮಡಿಕೆಗಳ ನಡುವೆ ನರ್ಸು ಮರೆತ ಸೂಜಿ. ಎಷ್ಟು ಸೋಪು ಹಾಕಿ ತಿಕ್ಕಿದರೂ ಮೈಯಿಂದ ಹೋಗದ ಒಂದು ವಾಸನೆ. ಆಗ ಹಾಲು ಕುಡಿಯುತ್ತಿದ್ದ ಅವಳ ಮಗಳು ಒಂದು ಸಂಜೆ ಅವಳ ಎದೆಯಿಂದ ಮುಖ ತಿರುಗಿಸಿ ಅಳತೊಡಗಿದಳು. ಆಮೇಲೆ ಅವಳ ಹಾಲು ಕುಡಿಯಲೇ ಇಲ್ಲ. ಮಗಳು ಬೆಳೆದು, ಮದುವೆಯಾಗಿ, ಬೇರೆ ಊರು ಸೇರಿ ಯಾವ ಕಾಲವಾಯಿತು. ಆ ಮುಖ ತಿರುಗಿಸಿದ್ದನ್ನು ಅತ್ತಿಗೆ ಮಾತ್ರ ಯಾರಿಗೂ ಹೇಳಿರಲಿಲ್ಲ. ಅಂಥ ಕೋಣೆಯಿಂದ ಮೇಲೆ ಬರಲು ಅವಳು ವರ್ಷಗಟ್ಟಲೆ ಮೇಸ್ತ್ರಿಯ ಕಾಲು ಹಿಡಿದಿದ್ದಳು. ನಾದಿನಿಯಾದರೋ ಅತ್ತಿಗೆಯ ಶಿಫಾರಸಿನ ಮೇಲೆಯೇ ಬಂದು, ಆಳುದ್ದ ಇದ್ದಾಳೆ ಎಂಬ ಒಂದೇ ಯೋಗ್ಯತೆಯಿಂದ ನೇರ ಮಡಿಕೆ ಮೇಜಿಗೆ ನಿಂತಿದ್ದಳು. ಕೊಳೆಕೋಣೆಯ ಬಾಗಿಲು ಯಾವ ಬಣ್ಣದ್ದೆಂದೂ ಅವಳಿಗೆ ತಿಳಿಯದು.

ಹೀಗಿರುವಾಗ ಕಂಪನಿ ಮಡಿಕೆ ಯಂತ್ರ ತರಿಸುತ್ತದೆ ಎಂಬ ಸುದ್ದಿ ಬಂತು. ಮೇಸ್ತ್ರಿ ಚಹಾದ ಹೊತ್ತಿನಲ್ಲಿ ಸುತ್ತಿಬಳಸದೆ ಹೇಳಿದ: "ಕೊನೇ ಮೇಜಿಂದ ಒಬ್ರು ಕೆಳಗೆ ಹೋಗ್ಬೇಕಾಗುತ್ತೆ. ಅತ್ತಿಗೆನೋ ನಾದಿನಿನೋ, ಇನ್ನೂ ತೀರ್ಮಾನ ಆಗಿಲ್ಲ."

ಅತ್ತಿಗೆ ಚಹಾ ಕುಡಿಯದೆ ಲೋಟವನ್ನು ಕೆಳಗಿಟ್ಟಳು. ನಾದಿನಿ ಅದನ್ನು ನೋಡಿ ನಕ್ಕಳು. ಕೆಳಗೇನಿದೆ ಎಂದು ಗೊತ್ತಿಲ್ಲದವರ ನಗು ಅದು.

ಅದೇ ವಾರ ಉಸಿರು ಸಾರ್ ಬಂದರು. ಇಷ್ಟು ವರ್ಷ ಯಾರೂ ಉಸಿರೆತ್ತಬಾರದು ಎನ್ನುತ್ತಿದ್ದ ಕಂಪನಿ, ಉಸಿರಾಡುವುದನ್ನು ಹೇಳಿಕೊಡಲು ಸಂಬಳ ಕೊಟ್ಟು ಒಬ್ಬರನ್ನು ನೇಮಿಸಿತು. ಅವರ ಹುದ್ದೆಯ ನಿಜವಾದ ಹೆಸರು ನೆಮ್ಮದಿ ಅಧಿಕಾರಿ. ತೆಳ್ಳಗಿನ ಮನುಷ್ಯ, ತೆಳ್ಳಗಿನ ಮೀಸೆ, ಅದಕ್ಕಿಂತ ತೆಳ್ಳಗಿನ ದನಿ. ಮೆಟ್ಟಿಲ ಪಕ್ಕದಲ್ಲಿ ಅವರಿಗೊಂದು ಗಾಜಿನ ಕೋಣೆ ಕಟ್ಟಿಸಿಕೊಟ್ಟರು. ಅದರೊಳಗೆ ಒಂದು ಗಿಡವಿಟ್ಟರು. ಗಿಡಕ್ಕೆ ಎಸಿ ಇತ್ತು. ರೋಲರಿನ ಮುಂದೆ ಬೇಯುವವರಿಗೆ ಇರಲಿಲ್ಲ.

ಉಸಿರು ಸಾರ್ ಎಲ್ಲರ ಮಣಿಕಟ್ಟಿಗೂ ಒಂದೊಂದು ಕಪ್ಪು ಪಟ್ಟಿ ಕಟ್ಟಿಸಿದರು. ಅದರ ನಡುವೆ ಬಟಾಣಿ ಗಾತ್ರದ ದೀಪ. ಹಸಿರು, ಹಳದಿ, ಕೆಂಪು. ನಾಡಿ ಬಡಿತ, ಬೆವರು, ಇನ್ನೇನೇನನ್ನೋ ಲೆಕ್ಕ ಹಾಕಿ ಮಾನಸಿಕ ಒತ್ತಡವನ್ನು ಅಳೆಯುವ ಯಂತ್ರ ಅದು. ಹಸಿರು ಎಂದರೆ ಮನಸ್ಸು ನಿರಾಳ, ಕೆಂಪು ಎಂದರೆ ಕಷ್ಟದಲ್ಲಿದೆ ಎಂದು ಅವರು ವಿವರಿಸಿದರು. ರೋಲರುಗಳು ಓಡುತ್ತಿದ್ದಾಗ, ಆ ದನಿಯಲ್ಲಿ! ಒಂದಕ್ಷರ ಯಾರ ಕಿವಿಗೂ ಬೀಳಲಿಲ್ಲ. ಭಾಷಣ ಮುಗಿದ ಮೇಲೆ ಎಲ್ಲರೂ ಮೇಸ್ತ್ರಿಯ ಸುತ್ತ ನೆರೆದರು.

"ಏನಂತೆ ಮೇಸ್ತ್ರಿ ಇದು?"

"ಇನ್ನೇನಿರುತ್ತೆ? ಯಾರು ಮೈಮುರಿದು ದುಡೀತಾರೆ, ಯಾರು ಸೋಮಾರಿ ಅಂತ ನೋಡೋದು. ಕೆಂಪು ಬಂದ್ರೆ ದುಡಿಮೆ, ಹಸಿರು ಬಂದ್ರೆ ನಿದ್ದೆ."

ಮೇಸ್ತ್ರಿಗೂ ಏನೂ ಕೇಳಿಸಿರಲಿಲ್ಲ. ಆದರೆ ಅವನ ಮಾತನ್ನು ಅನುಮಾನಿಸಲು ಯಾರಿಗೂ ಕಾರಣವಿರಲಿಲ್ಲ. ಹಿಂದೊಮ್ಮೆ ಕಂಪನಿ, ನಿಮ್ಮ ಅನುಕೂಲಕ್ಕೇ ಎಂದು ಹೇಳಿ ಪ್ರತಿ ಮೇಜಿಗೂ ಎಣಿಸುವ ಮೀಟರು ಕೂರಿಸಿತ್ತು. ಯಾರ ಮೀಟರು ನಿಧಾನವಾಯಿತೋ ಅವರೆಲ್ಲ ಒಬ್ಬೊಬ್ಬರಾಗಿ ಕೊಳೆಕೋಣೆ ಸೇರಿದ್ದರು. ಕಂಪನಿ ಕಾರ್ಮಿಕರ ಮೈಗೆ ಏನನ್ನಾದರೂ ಕಟ್ಟಿತೆಂದರೆ ಅದು ಸೋಮಾರಿಯನ್ನು ಹಿಡಿಯುವುದಕ್ಕೇ. ಮನಸ್ಸು ಹೇಗಿದೆ ಎಂದು ಕೇಳುವುದಕ್ಕೆ ಎಂದು ಆ ಕಟ್ಟಡದಲ್ಲಿ ಹುಚ್ಚರೂ ನಂಬುತ್ತಿರಲಿಲ್ಲ.

ಮರುದಿನದಿಂದ ಲಾಂಡ್ರಿಯಲ್ಲಿ ಕೆಂಪಿನ ಬೇಟೆ ಶುರುವಾಯಿತು. ಬಾಯ್ಲರಿನವನು ಬಚ್ಚಲಿನಲ್ಲಿ ಬಾಗಿಲು ಹಾಕಿಕೊಂಡು ಬಸ್ಕಿ ಹೊಡೆದ. ತೊಳೆಯುವ ವಿಭಾಗದವರು ಲಿಫ್ಟು ಬಿಟ್ಟು ಮೆಟ್ಟಿಲು ಹತ್ತಿದರು. ಮೇಸ್ತ್ರಿ ಸ್ವತಃ ತನ್ನ ಭಾಮೈದನಿಗೆ ಫೋನು ಮಾಡಿ, ಮುಗಿದುಹೋದ ಆಸ್ತಿ ತಗಾದೆಯನ್ನು ಕೆದಕಿ, ಕೆಂಪಗಾಗಿ ಬಂದ. ಗಾಜಿನ ಕೋಣೆಯಲ್ಲಿ ಉಸಿರು ಸಾರ್ ಕಂಪ್ಯೂಟರಿನ ಮುಂದೆ ತಲೆಯ ಮೇಲೆ ಕೈ ಹೊತ್ತು ಕೂತರು. ಇಷ್ಟೊಂದು ನೊಂದ ಜನರನ್ನು ಒಂದೇ ಸೂರಿನ ಕೆಳಗೆ ಅವರು ನೋಡಿರಲೇ ಇಲ್ಲ.

ಕೊನೆಯ ಮೇಜಿನಲ್ಲಿ ಅತ್ತಿಗೆಗೂ ನಾದಿನಿಗೂ ಓಡುವ, ಬಸ್ಕಿ ಹೊಡೆಯುವ ಅಗತ್ಯ ಬೀಳಲಿಲ್ಲ. ಜಗಳ ಇತ್ತಲ್ಲ.

"ಎಳಿಯೇ ಮಹಾರಾಯ್ತಿ! ಬೆಡ್‌ಶೀಟು ಹಿಡ್ಕೊಂಡಿದೀಯೋ, ತೊಟ್ಟಿಲು ತೂಗ್ತಿದೀಯೋ?"

"ನೀನು ಎಳೆಯೋ ರಭಸಕ್ಕೆ ನಮ್ಮಣ್ಣನ ಆಯಸ್ಸೇ ಹರಿದು ಹೋಯ್ತು, ಇದೇನು ಬೆಡ್‌ಶೀಟು!"

"ನಿಮ್ಮಣ್ಣನಿಗೆ ಆಯಸ್ಸು ಎಲ್ಲಿತ್ತೇ? ಹುಟ್ಟಿದಾಗಿಂದ ನೀನೇ ಹೀರಿಕೊಂಡು ಆಳುದ್ದ ಬೆಳೆದಿದೀಯ."

ನಾದಿನಿಯ ಮಣಿಕಟ್ಟು ಕೆಂಪಾಯಿತು. ಅತ್ತಿಗೆ ಗೆದ್ದ ಖುಷಿಯಲ್ಲಿ ತನ್ನ ದೀಪ ನೋಡಿಕೊಂಡಳು. ಹಸಿರು! ಎರಡು ದಿನ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಗಮನಿಸಿದ ಮೇಲೆ ಅವಳಿಗೆ ಗುಟ್ಟು ಹೊಳೆಯಿತು. ಬೈದವರ ದೀಪ ಹಸಿರಿಗೆ ಇಳಿಯುತ್ತದೆ, ಬೈಸಿಕೊಂಡವರದು ಕೆಂಪಿಗೆ ಏರುತ್ತದೆ. ಇಷ್ಟು ದಿನ ಅವಳು ತನ್ನ ಬಾಯಾರೆ ನಾದಿನಿಯನ್ನು ದುಡಿಮೆಗಾರ್ತಿಯನ್ನಾಗಿ ಮಾಡುತ್ತಿದ್ದಳು! ತನ್ನ ನಾಲಗೆಯೇ ತನ್ನನ್ನು ನೆಲಮಾಳಿಗೆಗೆ ತಳ್ಳುತ್ತಿತ್ತು.

ಅತ್ತಿಗೆ ನಾಲಗೆಗೆ ಬೀಗ ಹಾಕಿದಳು. ಬರೀ ಬೀಗ ಸಾಲದೆಂದು ಅದಕ್ಕೆ ಬೆಣ್ಣೆಯನ್ನೂ ಸವರಿದಳು.

"ಇವತ್ತು ನಿನ್ನ ಕೂದಲು ಎಷ್ಟು ಚೆನ್ನಾಗಿ ಕೂತಿದೆಯೇ" ಅಂದಳು ಬೆಳಿಗ್ಗೆ ಬೆಳಿಗ್ಗೆಯೇ.

ನಾದಿನಿಯ ಕೈಯಿಂದ ಬೆಡ್‌ಶೀಟು ಜಾರಿತು. "ಏನು?"

"ಕೂದಲು. ಚೆನ್ನಾಗಿದೆ ಅಂದೆ."

"ನನ್ನ ಕೂದಲಿಗೆ ಏನು ಮಾಡಿದೆ ನೀನು? ಎಣ್ಣೆ ಶೀಶೆಗೆ ಏನು ಬೆರೆಸಿದೀಯ? ಹೇಳು ಅತ್ತಿಗೇ!"

ಒಳ್ಳೆಯ ಮಾತು ಕೇಳಿದ್ದೇ ನಾದಿನಿಯ ದೀಪ ಎಂದೂ ಇಲ್ಲದಷ್ಟು ಕೆಂಪಾಗಿ ಕೂತುಬಿಟ್ಟಿತು. ಇಷ್ಟು ವರ್ಷದ ಬೈಗುಳಕ್ಕೆ ಅವಳ ಎದೆ ಒಗ್ಗಿಹೋಗಿತ್ತು, ಹೊಗಳಿಕೆಗೆ ತಯಾರಿರಲಿಲ್ಲ. ಅವಳು ಊಟದ ಡಬ್ಬಿ ಮೂಸಿ ನೋಡಿದಳು. ಚಪ್ಪಲಿ ತಿರುವಿ ನೋಡಿದಳು. ಅತ್ತಿಗೆ ಮಾತ್ರ ಇಂಗು ತಿಂದ ಮಂಗನಂತೆ ತನ್ನ ಹಸಿರು ದೀಪವನ್ನೇ ನೋಡುತ್ತ ನಿಂತಳು.

ತಿಂಗಳ ಕೊನೆಗೆ ಗಾಜಿನ ಕೋಣೆಯಿಂದ ಕರೆ ಬಂತು. ಇಬ್ಬರನ್ನೂ ಅಕ್ಕಪಕ್ಕ ಕೂರಿಸಿ, ಉಸಿರು ಸಾರ್ ಕಂಪ್ಯೂಟರನ್ನು ಅವರತ್ತ ತಿರುಗಿಸಿದರು. ಮೇಸ್ತ್ರಿ ಗಿಡದ ಪಕ್ಕ ಕೈಕಟ್ಟಿ ನಿಂತಿದ್ದ.

"ಗಾಬರಿ ಬೇಡ. ಮೊದಲು ದೀರ್ಘವಾಗಿ ಉಸಿರೆಳೆದುಕೊಳ್ಳಿ" ಅಂದರು ಸಾರ್.

"ಎಳೆದು ಎಳೆದೇ ಇಲ್ಲಿಗೆ ಬಂದಿದೀವಿ ಸಾರ್, ವಿಷಯಕ್ಕೆ ಬನ್ನಿ" ಅಂದಳು ಅತ್ತಿಗೆ.

"ಈ ಕೆಂಪು ಗೆರೆ ನಿಮ್ಮ ನಾದಿನಿಯವರದು. ಅವರ ಮನಸ್ಸು ತುಂಬಾ ಬಳಲಿದೆ. ಅವರಿಗೆ ಶಾಂತ ವಾತಾವರಣ ಬೇಕು. ಮೇಲೆಯೇ ಇರಲಿ. ಈ ಹಸಿರು ಗೆರೆ ನಿಮ್ಮದಮ್ಮಾ. ಅದ್ಭುತ! ಇಡೀ ಕಟ್ಟಡದಲ್ಲಿ ಇಷ್ಟು ಸಹನೆ, ಇಷ್ಟು ಗಟ್ಟಿ ಮನಸ್ಸು ಇನ್ನೊಬ್ಬರಿಗಿಲ್ಲ. ಕೆಳಗಿನ ವಿಭಾಗಕ್ಕೆ ಬೇಕಾಗಿರುವುದು ಇಂಥವರೇ."

ಕೆಂಪೆಂದರೆ ದುಡಿಮೆಯಲ್ಲ, ನೋವು ಎಂದು ಅತ್ತಿಗೆಗೆ ತಿಳಿದದ್ದು ಆ ಕ್ಷಣದಲ್ಲಿ. ಆದರೆ ತಿಳಿದು ಬಂದ ಭಾಗ್ಯವೇನು? ಅಳೆಯುವುದು ದುಡಿಮೆಯನ್ನಾದರೂ ಸೈ, ದುಃಖವನ್ನಾದರೂ ಸೈ. ಲೆಕ್ಕ ಕೊನೆಗೆ ಇಳಿಯುವುದು ಅದೇ ಮೆಟ್ಟಿಲನ್ನು. ಅವಳ ಮೂಗಿಗೆ ಎಷ್ಟೋ ವರ್ಷದ ಹಿಂದಿನ ಆ ವಾಸನೆ ಅಡರಿತು.

ಮಾತು ಹೊರಟದ್ದು ಪಕ್ಕದ ಕುರ್ಚಿಯಿಂದ.

"ಇವಳಿಗಾ ಸಹನೆ?" ನಾದಿನಿ ಎದ್ದು ನಿಂತಿದ್ದಳು. ತಾನು ಮೇಲೆಯೇ ಉಳಿಯುತ್ತೇನೆಂಬ ಮಾತು ಅವಳ ಕಿವಿಗೆ ಬಿದ್ದೇ ಇರಲಿಲ್ಲ. ಬಿದ್ದದ್ದು ಅತ್ತಿಗೆಯ ಹೊಗಳಿಕೆ ಮಾತ್ರ. "ಸಾರ್, ನಿಮ್ಮ ಯಂತ್ರಕ್ಕೆ ಬುದ್ಧಿ ನೆಟ್ಟಗಿದೆಯಾ? ಅಲಾರಾಂ ಹೊಡೀತು ಅಂತ ಗಡಿಯಾರನ ಕಿಟಕಿಯಿಂದ ಆಚೆ ಎಸೆದವಳು ಇವಳು! ನನ್ನ ಬಟ್ಟೆ ತಂತಿ ಮೇಲೆ ಒಂದು ಗೇಣು ಜಾಸ್ತಿ ಜಾಗ ಹಿಡೀತು ಅಂತ ತಂತಿನೇ ಕತ್ತರಿಸಿದವಳು! ಇಂಥವಳ ಜೊತೆ ಇಷ್ಟು ವರ್ಷ ಒಂದೇ ಸೂರಲ್ಲಿ ಬಾಳಿದೀನಲ್ಲ, ಒಂದೇ ಮೇಜಲ್ಲಿ ದುಡಿದಿದೀನಲ್ಲ, ಸಹನೆ ಅಂದ್ರೆ ಅದು! ಬರ್ಕೊಳ್ಳಿ. ಸಹನೆ ಇರೋದು ನಂಗೆ. ಗಟ್ಟಿ ಮನಸ್ಸು ನಂದು."

ಉಸಿರು ಸಾರ್ ಕಣ್ಣರಳಿಸಿದರು. "ಅಂದರೆ ಇಷ್ಟು ಒತ್ತಡದಲ್ಲೂ ನೀವು ತಡೆದುಕೊಂಡಿದ್ದೀರಿ. ಹೌದು, ನಿಜವಾದ ಸ್ಥೈರ್ಯ ಅದೇ ಅಲ್ಲವೇ?"

"ಮತ್ತೆ!"

ಅತ್ತಿಗೆಯ ನಾಲಗೆಯ ತುದಿಯಲ್ಲಿ ಒಂದು ದಿಬ್ಬಣದಷ್ಟು ಮಾತು ಬಂದು ನಿಂತಿತು. ಇವಳಿಗೆ ಸಹನೆಯಂತೆ! ಬಚ್ಚಲಿನ ಸರದಿಗಾಗಿ ಬಾಗಿಲು ಒದ್ದು ಚಿಲಕ ಮುರಿದವಳಿಗೆ! ಒಂದೇ ಒಂದು ಮಾತು ಆಡಿದರೆ ಸಾಕು, ನಾದಿನಿಯ ಮಾನ ಅಲ್ಲಿಯೇ ಹರಾಜು. ಆದರೆ ಆ ಒಂದು ಮಾತು ಆಡಿದರೆ ಕೆಳಗೆ ಹೋಗುವವಳು ತಾನು. ಅವಳು ಹಲ್ಲು ಕಚ್ಚಿದಳು. ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಹಿಂಡಿದಳು. ತನ್ನ ಕಣ್ಣೆದುರಿಗೇ, ಒಬ್ಬ ಅಧಿಕಾರಿಯ ಬಾಯಿಂದ, ನಾದಿನಿ ಸಹನಾಮೂರ್ತಿ ಎನ್ನಿಸಿಕೊಳ್ಳುವುದನ್ನು ಉಗುಳು ನುಂಗಿಕೊಂಡು ಕೇಳಿದಳು. ಅವಳ ಮಣಿಕಟ್ಟಿನ ದೀಪ ಹಳದಿಗೆ ಹೊರಳಿ, ಕೆಂಪಿಗೆ ಹಾರಿ, ಉರಿಯತೊಡಗಿತು.

"ನೋಡಿ, ಪಾಪ, ಇವರು ಒಳಗೇ ಬೇಯುತ್ತಿದ್ದಾರೆ" ಅಂದರು ಸಾರ್. "ಮೇಸ್ತ್ರಿ, ಬದಲಾಯಿಸಿ. ಕೆಳಗೆ ನಾದಿನಿಯವರು."

ಆಗ ನಾದಿನಿಗೆ ತಾನು ಗೆದ್ದದ್ದೇನೆಂದು ಅರ್ಥವಾಯಿತು. ಮುಖದ ರಂಗು ಇಳಿಯಿತು. ತಿರುಗಿ ಅತ್ತಿಗೆಯತ್ತ ನೋಡಿದಳು. ಅತ್ತಿಗೆ ಗಿಡದತ್ತ ನೋಡಿದಳು.

"ಹೋಗ್ತೀನಿ" ಅಂದಳು ನಾದಿನಿ. "ಹೆದರ್ತೀನಾ? ನಾನೇನು ಇವಳಾ?"

ಕಂಪನಿ ಅವಳಿಗೆ ಗುಲಾಬಿ ಅಂಚಿನ ಒಂದು ಸಹನಾ ಪ್ರಶಸ್ತಿಪತ್ರ ಕೊಟ್ಟಿತು. ಕೈಗವಸು ಕೊಡಲು ಮಾತ್ರ ಇನ್ನೂ ಒಂದು ವಾರ ತೆಗೆದುಕೊಂಡಿತು.

ಪ್ರಶಸ್ತಿಪತ್ರ ಚೌಕಟ್ಟು ಹಾಕಿಸಿಕೊಂಡು ಮನೆಯ ನಡುಗೋಡೆ ಏರಿತು. ಅದರ ಜೊತೆಗೆ ಮನೆಗೆ ಇನ್ನೊಂದು ಹೊಸ ಪೀಡೆ ವಕ್ಕರಿಸಿತು. ನಾದಿನಿ ಜಗಳ ನಿಲ್ಲಿಸಿಬಿಟ್ಟಳು. ಪ್ರಶಸ್ತಿಯ ಮರ್ಯಾದೆ ಕಾಯಬೇಕಲ್ಲ. ಅತ್ತಿಗೆ ಬಿಸಿನೀರನ್ನೆಲ್ಲ ಖಾಲಿ ಮಾಡಿ ಬಂದರೆ, "ಪರವಾಗಿಲ್ಲ ಬಿಡು ಅತ್ತಿಗೆ, ತಣ್ಣೀರು ಮೈಗೆ ಒಳ್ಳೇದು" ಎಂದು ಮುಗುಳ್ನಗುತ್ತಿದ್ದಳು. ಆ ನಗು! ತುಟಿ ಮಾತ್ರ ಸರಿದು, ಕಣ್ಣು ಗೋಡೆಯ ಮೇಲಿನ ಪ್ರಶಸ್ತಿಪತ್ರದ ಕಡೆ ಹೋಗಿ ಬರುವ ನಗು. ಅತ್ತಿಗೆ ಸೋಪು ಬಚ್ಚಿಟ್ಟು ನೋಡಿದಳು. ಕಿಟಕಿಯ ಕೋಣೆಯಲ್ಲಿ ತನ್ನ ಟ್ರಂಕು ತಂದಿಟ್ಟು ನೋಡಿದಳು. "ಇಟ್ಕೋ ಅತ್ತಿಗೆ, ನಿಂಗೂ ಗಾಳಿ ಬೆಳಕು ಬೇಕಲ್ವಾ" ಅಂದಳು ನಾದಿನಿ. ಕಾಲು ಕೆರೆದು ಬಂದವಳಿಗೆ ಕಾಲೊರೆಸು ಹಾಸಿದಂತೆ.

"ಮನೆ ಸ್ವರ್ಗ ಆಗಿದೆ ಕಣೇ" ಅಂದ ಗಂಡ, ಕಿವಿ ಪೂರ್ತಿ ನೆಟ್ಟಗಾಗಿ.

"ಸ್ವರ್ಗಕ್ಕೆ ಹೋಗ್ಬೇಕು ಅಂದ್ರೆ ಮೊದ್ಲು ಸಾಯ್ಬೇಕು ರೀ" ಅಂದಳು ಅತ್ತಿಗೆ. "ನಾನು ಸಾಯ್ತಾ ಇದೀನಿ."

ಇನ್ನೊಂದನ್ನೂ ಅವಳು ಕಂಡಳು, ಕಾಣಬಾರದಿತ್ತು ಅಂದುಕೊಂಡಳು. ನಾದಿನಿ ತಟ್ಟೆಯ ಮುಂದೆ ಕೂತು, ತುತ್ತನ್ನು ಬಾಯಿಯವರೆಗೆ ಒಯ್ದು, ತನ್ನ ಬೆರಳುಗಳ ವಾಸನೆಗೇ ಬೆಚ್ಚಿ ಕೈ ಇಳಿಸುತ್ತಿದ್ದಳು. ಆಮೇಲೆ ಚಮಚ ತಂದುಕೊಳ್ಳುತ್ತಿದ್ದಳು. ಆಮೇಲೆ ತಟ್ಟೆ ದೂಡಿ, ಅದೇ ನಗು ನಕ್ಕು, ಎದ್ದು ಹೋಗುತ್ತಿದ್ದಳು. ಒಂದು ಸಲ ಬಾಯಿಬಿಟ್ಟು, ನಿನ್ನಿಂದಲೇ ಕಣೇ ಪಾಪಿ ಎಂದು ಉಗಿದಿದ್ದರೆ ಅತ್ತಿಗೆಗೆ ಎಷ್ಟೋ ಹಗುರವಾಗುತ್ತಿತ್ತು. ಉಗಿಯಲಿಲ್ಲ. ಸಹಿಸಿದಳು. ಹಗೆಯಲ್ಲಿ ಇಂಥದ್ದೊಂದು ಆಯುಧ ಇದೆಯೆಂದು ಅತ್ತಿಗೆಗೆ ಈ ವಯಸ್ಸಿನವರೆಗೂ ತಿಳಿದಿರಲಿಲ್ಲ.

ಮೇಲೆ ಮಡಿಕೆ ಮೇಜಿನಲ್ಲಿ ಅವಳಿಗೆ ಹೊಸ ಜೊತೆಗಾತಿ ಸಿಕ್ಕಿದ್ದಳು. ಮೆತ್ತಗಿನ ಹೆಂಗಸು. ಬೆಡ್‌ಶೀಟು ಜಗ್ಗಿದರೆ ತಾನೇ ಅದರ ಜೊತೆ ಬಂದುಬಿಡುತ್ತಿದ್ದಳು, "ಸಾರಿ ಅಕ್ಕಾ" ಅನ್ನುತ್ತಿದ್ದಳು. ಮಡಿಕೆಯೆಲ್ಲ ಸುಕ್ಕು. ಆದರೂ ಅತ್ತಿಗೆಯ ದೀಪ ಬೆಳಗಿನಿಂದ ಸಂಜೆಯವರೆಗೆ ಕೆಂಪು ಬಿಟ್ಟು ಕದಲಲಿಲ್ಲ. ಮನೆಯ ಆ ನಗು ಅವಳ ಎದೆಯಲ್ಲಿ ಕೂತು ಲಾಂಡ್ರಿಗೂ ಬರುತ್ತಿತ್ತು.

ಮಡಿಕೆ ಯಂತ್ರ ಬಂದಿಳಿದ ದಿನ ಉಸಿರು ಸಾರ್ ಮತ್ತೆ ಕರೆದರು.

"ನಿಮ್ಮನ್ನು ಬೇರೆ ಮಾಡಿದ ಮೇಲೆ ಒತ್ತಡ ಇಳಿಯಬೇಕಿತ್ತು. ಏರಿದೆ. ಬೆಳಿಗ್ಗೆ ಗೇಟಿನೊಳಗೆ ಬರುವಾಗಲೇ ಕೆಂಪು. ಅಂದರೆ ಕಾರಣ ಮನೆಯಲ್ಲಿದೆ. ಮನೆಯಲ್ಲಿ ಏನಮ್ಮಾ ಕಷ್ಟ?"

"ಜಗಳ ನಿಂತೋಗಿದೆ ಸಾರ್."

ಅವರಿಗೆ ಅರ್ಥವಾಗಲಿಲ್ಲ. ಅರ್ಥ ಮಾಡಿಕೊಳ್ಳಲು ಅವರಿಗೆ ಸಂಬಳವೂ ಇರಲಿಲ್ಲ. "ಮನೆಯ ಒತ್ತಡ ಕಂಪನಿಯದಲ್ಲ. ಅದನ್ನು ಲೆಕ್ಕದಿಂದ ಕಳೆಯಬೇಕು ಅಂತ ಮೇಲಿನಿಂದ ಸೂಚನೆ ಬಂದಿದೆ" ಎಂದು ಏನೋ ಒತ್ತಿದರು. ಕಂಪ್ಯೂಟರಿನಲ್ಲಿ ಕೆಂಪು ಗೆರೆ ಒಮ್ಮೆ ನಡುಗಿ, ತಲೆ ತಗ್ಗಿಸಿ, ಹಸಿರಾಗಿ ಮಲಗಿತು. "ನೋಡಿ! ಕೆಲಸದ ಒತ್ತಡ ನಿಮಗೆ ಸೊನ್ನೆ. ನಾನು ಮೊದಲು ಹೇಳಿದ್ದೇ ಸರಿ. ಗಟ್ಟಿ ಮನಸ್ಸು ನಿಮ್ಮದು. ಯಂತ್ರ ಬಂತಲ್ಲ, ಮೇಲೆ ಜಾಗ ಕಮ್ಮಿ, ಕೆಳಗೆ…"

ಅವರು ವಾಕ್ಯ ಮುಗಿಸಲಿಲ್ಲ.

ಎಷ್ಟು ದಿನದಿಂದ ಗಂಟಲಿನವರೆಗೆ ತುಂಬಿ ನಿಂತಿತ್ತೋ, ಅದೆಲ್ಲ ಒಮ್ಮೆಗೇ ಕಟ್ಟೆಯೊಡೆಯಿತು. "ಕಳೀತೀರಾ? ನನ್ನ ಮನೆನ ನನ್ನಿಂದ ಕಳೀತೀರಾ? ಮನೆ ಚಿಂತೆನ ಗೇಟಲ್ಲಿ ಬಿಟ್ಟು ಬರೋಕೆ ಅದೇನು ಛತ್ರೀನೇನ್ರೀ? ಈ ಕಟ್ಟಡದ ವಾಸನೆ ನನ್ನ ಮನೆ ತಟ್ಟೆವರೆಗೂ ಬಂದಿದೆ, ಅದನ್ನ ಯಾರು ಕಳೀತಾರೆ? ನನ್ನ ಎದೆ ಬಡಿದ್ರೂ ತಪ್ಪು, ಬಡೀದೇ ಇದ್ರೂ ತಪ್ಪು. ಅತ್ರೆ ದುರ್ಬಲ, ಅಳದಿದ್ರೆ ಗಟ್ಟಿಗಿತ್ತಿ, ಕೆಳಗೆ ಹೋಗು. ಅಳತೆ ನಿಮ್ದು, ಅಳೋದು ನಾವು! ಒಂದು ದಿನ, ಒಂದೇ ಒಂದು ದಿನ ಆ ಮೆಟ್ಟಿಲು ಇಳಿದು ಮೂಗಿಂದ ನಿಮ್ಮ ದೀರ್ಘ ಉಸಿರು ಎಳೀರಿ ನೋಡೋಣ! ನಿಮ್ಮ ಗಿಡ ಕೂಡ ವಾಂತಿ ಮಾಡ್ಕೊಳ್ಳುತ್ತೆ!"

ರೋಲರುಗಳ ಸದ್ದನ್ನೂ ಮೀರಿ ಆ ದನಿ ಗಾಜು ನಡುಗಿಸಿತು. ತೊಳೆಯುವವರು, ಹಿಂಡುವವರು, ಬಾಯ್ಲರಿನವನು ಎಲ್ಲರೂ ಕೈಬಿಟ್ಟು ನಿಂತು ನೋಡಿದರು. ಉಸಿರು ಸಾರ್ ಕುರ್ಚಿಯನ್ನು ಗೋಡೆಯವರೆಗೂ ಸರಿಸಿಕೊಂಡಿದ್ದರು. ಎಲ್ಲರಿಗೂ ಮಾದರಿಯಾಗಿರಲಿ ಎಂದು ಅವರೂ ಕಟ್ಟಿಕೊಂಡಿದ್ದ ಪಟ್ಟಿಯಲ್ಲಿ ದೀಪ ಕೆಂಪಗೆ ಮಿಣಮಿಣ ಅನ್ನುತ್ತಿತ್ತು. ಅತ್ತಿಗೆಯ ದೀಪ, ಬೈದು ಮುಗಿಸಿದವರ ದೀಪ ಇರಬೇಕಾದ ಹಾಗೆ, ಎಳೆಹುಲ್ಲಿನ ಹಸಿರು.

"ಹಸಿರು" ಎಂದು ತೊದಲಿದರು ಸಾರ್.

"ಹೌದ್ರೀ, ಹಸಿರು. ಹೋಗ್ತಿದೀನಿ" ಎಂದು ಅವಳು ಪಟ್ಟಿ ಬಿಚ್ಚಿ ಗಿಡದ ಕುಂಡದೊಳಗೆ ಎಸೆದು ಹೊರಬಂದಳು. ಮೇಸ್ತ್ರಿ ದಾರಿ ಬಿಟ್ಟ. ಮೆಟ್ಟಿಲಿನ ಬಾಯಿಗೆ ಬಂದಾಗ ಆ ವಾಸನೆ ಎದುರುಗೊಂಡಿತು. ಅವಳ ಕಾಲು ತಡೆಯಿತು. ಕಂಬಿ ಹಿಡಿದು, ಮೂಗು ಮುಚ್ಚಿಕೊಳ್ಳದೆ, ಇಳಿದಳು.

ಕೆಳಗೆ ನಾದಿನಿ ಆಸ್ಪತ್ರೆಯ ಮೂಟೆಯೊಂದರ ಗಂಟು ಬಿಚ್ಚುತ್ತಿದ್ದಳು. ತಲೆ ಎತ್ತಲಿಲ್ಲ.

"ಮೇಲಿಂದ ಎಲ್ಲಾ ಕೇಳಿಸ್ತು" ಅಂದಳು. "ಅಷ್ಟೇನಾ ಬೈಯೋದು? ಆ ಮೀಸೆ ಬಗ್ಗೆ ಒಂದು ಮಾತೂ ಇಲ್ಲ. ನಾನಾಗಿದ್ರೆ ಮೀಸೆಯಿಂದಾನೇ ಶುರು ಮಾಡ್ತಿದ್ದೆ."

"ಸಹನಾಮೂರ್ತಿಗಳಿಗೆ ಬೈಗುಳದ ಚಿಂತೆ ಯಾಕೋ?"

"ಸಹನೆಯಂತೆ ಸಹನೆ!" ನಾದಿನಿ ಮುಖಕ್ಕೆ ಕಟ್ಟಿದ್ದ ಬಟ್ಟೆಯನ್ನು ಕೆಳಗೆಳೆದಳು. ಕೆನ್ನೆ ಒಳಹೊಕ್ಕು ಮುಖ ಅರ್ಧವಾಗಿತ್ತು. "ಇದು ಹೀಗಿರುತ್ತೆ ಅಂತ ನಿಂಗೆ ಗೊತ್ತಿತ್ತು. ಗೊತ್ತಿದ್ದೂ ಆ ಗಾಜಿನ ಕೋಣೇಲಿ ಬಾಯಿ ಹೊಲ್ಕೊಂಡು ಕೂತಿದ್ದೆ. ಹೌದೋ ಅಲ್ವೋ?"

"ಹೌದು, ಕೂತಿದ್ದೆ. ಏನೀಗ? ಮೇಲೇ ಇರು ಅಂತ ಸಾರ್ ಹೇಳಿದ್ದನ್ನ ಬಿಟ್ಟು, ನನ್ನ ಹೊಗಳಿದ್ದು ತಡೀಲಾರದೆ ಎದ್ದು ಕುಣಿದವಳು ಯಾರು?"

"ಪಾಪಿ!"

"ಇನ್ನೊಂದ್ಸಲ ಅನ್ನು."

"ಪಾಪಿ! ಮುಂಡೇದು! ನಿನ್ನ ಬಾಯಿಗೆ ಈ ಮೂಟೆ ತುರುಕ! ಒಂದು ತಿಂಗಳಿಂದ ನುಂಗಿ ನುಂಗಿ ನನ್ನ ನಾಲಗೆ ಹುಣ್ಣಾಗಿದೆ, ಗೊತ್ತಾ ನಿಂಗೆ?"

ಅತ್ತಿಗೆ ಸೆರಗು ಸಿಕ್ಕಿಸಿಕೊಂಡು, ಕೈಗವಸಿನ ಬುಟ್ಟಿಗೆ ಕೈ ಹಾಕಿದಳು. ಒಂದರ ಮೇಲೊಂದು ಎರಡು ಜೊತೆ ಹಾಕಿಕೊಂಡು, ಇನ್ನೊಂದು ಜೊತೆಯನ್ನು ನಾದಿನಿಯ ಮುಖದತ್ತ ಎಸೆದಳು. "ಎರಡು ಹಾಕ್ಕೋಬೇಕು, ದಡ್ಡಿ. ಸೂಜಿ ಇರುತ್ತೆ. ಅತ್ತ ಸರಿ. ಫ್ಯಾನಿನ ಕೆಳಗಿನ ಜಾಗ ನಂದು."

"ನಿಂದಾ? ನಾನು ಮೊದ್ಲು ಬಂದಿದೀನಿ."

"ನೀನು ಹುಟ್ಟೋಕೆ ಮೊದ್ಲು ನಾನಿಲ್ಲಿದ್ದೆ ಅನ್ಕೋ."

"ಯಾಕೆ, ನಿಮ್ಮಪ್ಪ ಕಟ್ಟಿಸಿದ ಫ್ಯಾನಾ ಇದು?"

"ಅಪ್ಪನ್ನ ಎಳೀಬೇಡ! ನಿಮ್ಮಪ್ಪನ ವಿಷಯ ನಾನು ತೆಗೆದ್ರೆ…"

"ತೆಗಿ ನೋಡೋಣ! ನಿಂಗೆ ಮಾವ ಆಗ್ಬೇಕು ಅವ್ರು!"

ಇನ್ನೊಂದು ಮೂಟೆ ಹೊತ್ತು ಬಂದ ಟ್ರಕ್ಕಿನ ಡ್ರೈವರ್, ಅದನ್ನು ಹೊಸ್ತಿಲಲ್ಲೇ ಇಳಿಸಿ, ಸದ್ದಾಗದಂತೆ ಹಿಂದೆ ಸರಿದ.